ಪಂಪ್ ಎಳೆದರೂ ಉಬ್ಬಸ ಇಳಿಯದಿದ್ದರೆ

‘ದಿನಾ ಪಂಪ್ ಎಳೆಯುತ್ತಿದ್ದೇನೆ, ಮಾತ್ರೆಯೂ ನುಂಗಿದ್ದಾಯಿತು. ಆದರೂ ನಡುರಾತ್ರಿ ಎದ್ದು ಕೂರುವುದು ತಪ್ಪಿಲ್ಲ. ನನ್ನ ಮೈಗೆ ಈ ಔಷಧ ಹಿಡಿಸುವುದೇ ಇಲ್ಲವೇನೋ.’ ಉಬ್ಬಸದವರು ಇರುವ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಹೀಗೆ ಅನ್ನಿಸಿದ ಮೇಲೆ ಕೆಲವರು ಡಾಕ್ಟರನ್ನು ಬದಲಾಯಿಸುತ್ತಾರೆ, ಕೆಲವರು ತಾವೇ ಡೋಸ್ ಏರಿಸಿಕೊಳ್ಳುತ್ತಾರೆ, ಇನ್ನು ಕೆಲವರು ಪಂಪನ್ನೇ ಕಪಾಟಿಗೆ ಸೇರಿಸುತ್ತಾರೆ. ಮೂರೂ ಅವಸರದ ತೀರ್ಮಾನಗಳು.

ಊತ ಇಳಿಸುವ ಮುಖ್ಯ ಔಷಧವಾದ ಸ್ಟಿರಾಯ್ಡ್‌ಗೆ ಬಗ್ಗದ ಉಬ್ಬಸ ನಿಜವಾಗಿಯೂ ಇದೆ. ಅದು ರೋಗಿಯ ಭ್ರಮೆಯಲ್ಲ, ಅವರ ತಪ್ಪೂ ಅಲ್ಲ. ಆದರೆ ಅಂಥವರ ಸಂಖ್ಯೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ನೆದರ್‌ಲೆಂಡ್ಸ್‌ನಲ್ಲಿ ವಯಸ್ಕ ಉಬ್ಬಸ ರೋಗಿಗಳ ಲೆಕ್ಕ ತೆಗೆದಾಗ ಸುಮಾರು ಶೇ 17ರಷ್ಟು ಮಂದಿಗೆ ದೊಡ್ಡ ಚಿಕಿತ್ಸೆ ಕೊಟ್ಟರೂ ರೋಗ ಹತೋಟಿಗೆ ಬಂದಿರಲಿಲ್ಲ. ಅವರಲ್ಲಿ ಔಷಧವನ್ನು ಸರಿಯಾಗಿ ಎಳೆದು, ತಪ್ಪದೆ ತೆಗೆದುಕೊಂಡೂ ಬಗ್ಗದವರು ಎಷ್ಟೆಂದು ಜರಡಿ ಹಿಡಿದರೆ ಉಳಿದದ್ದು ಒಟ್ಟು ರೋಗಿಗಳ ಶೇ 4ಕ್ಕಿಂತ ಕಡಿಮೆ. ಉಳಿದವರೆಲ್ಲರ ತೊಂದರೆಗೆ ಕಾರಣ ಬೇರೆಯೇ ಇತ್ತು, ಅದನ್ನು ಸರಿಪಡಿಸಬಹುದಿತ್ತು. 2019ರ ಅಂದಾಜಿನಂತೆ ಜಗತ್ತಿನ ಉಬ್ಬಸ ರೋಗಿಗಳಲ್ಲಿ ಸುಮಾರು ಶೇ 13 ಮಂದಿ ಭಾರತದವರು. ಉಬ್ಬಸದ ಸಾವುಗಳಲ್ಲಿ ಮಾತ್ರ ನಮ್ಮ ಪಾಲು ಶೇ 40ನ್ನು ದಾಟುತ್ತದೆ. ಈ ಅಂತರ ನೋಡಿದರೆ ‘ಔಷಧ ಹಿಡಿಸಲಿಲ್ಲ’ ಎಂದು ಕೈಬಿಡುವ ಮುನ್ನ ನಿಧಾನವಾಗಿ ಹುಡುಕುವುದು ಎಷ್ಟು ಮುಖ್ಯ ಎಂಬುದು ಅರ್ಥವಾಗುತ್ತದೆ. ಆ ಹುಡುಕಾಟಕ್ಕೆ ಒಂದು ಕ್ರಮವಿದೆ. ಸುಲಭದ ಕಾರಣಗಳನ್ನು ಮೊದಲು ನೋಡಬೇಕು, ಅಪರೂಪದವನ್ನು ಕೊನೆಗೆ.

ಸ್ಟಿರಾಯ್ಡ್ ಒಳಗೆ ಮಾಡುವ ಕೆಲಸ

ಉಬ್ಬಸದಲ್ಲಿ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೋಡೆ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ. ಸಾಲ್ಬುಟಮಾಲ್ ಇರುವ ನೀಲಿ ಪಂಪ್ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೆ. ಐದೇ ನಿಮಿಷದಲ್ಲಿ ಉಸಿರು ಹಗುರವಾಗುತ್ತದೆ, ಊತ ಹಾಗೇ ಇರುತ್ತದೆ. ಊತವನ್ನು ಇಳಿಸುವುದು ಬುಡೆಸೊನೈಡ್, ಬೆಕ್ಲೊಮೆಥಸೋನ್, ಫ್ಲೂಟಿಕಾಸೋನ್‌ನಂಥ ಸ್ಟಿರಾಯ್ಡ್‌ಗಳು. ಅವುಗಳ ಕೆಲಸ ನಡೆಯುವುದು ಜೀವಕೋಶದ ಕೇಂದ್ರದಲ್ಲಿ, ಅಂದರೆ ವಂಶವಾಹಿಗಳ ಮಟ್ಟದಲ್ಲಿ. ಆದ್ದರಿಂದ ಎಳೆದ ಕೂಡಲೇ ಏನೂ ಅನ್ನಿಸುವುದಿಲ್ಲ. ಗುಣ ಗೊತ್ತಾಗಲು ದಿನಗಳು ಬೇಕು, ಪೂರ್ತಿ ಫಲಕ್ಕೆ ಕೆಲವು ತಿಂಗಳೇ ಬೇಕಾಗಬಹುದು.

ನಮ್ಮ ಡಿಎನ್ಎ ನೂಲಿನ ಉಂಡೆಯಂತೆ ಪ್ರೋಟೀನ್‌ಗಳ ಮೇಲೆ ಸುತ್ತಿಕೊಂಡಿರುತ್ತದೆ. ಉರಿಯೂತ ಹುಟ್ಟಿದಾಗ ಆ ಸುತ್ತು ಸಡಿಲವಾಗಿ, ಊತ ತರುವ ವಂಶವಾಹಿಗಳು ಕೆಲಸ ಶುರುಮಾಡುತ್ತವೆ. ಸ್ಟಿರಾಯ್ಡ್ ಕೋಶದೊಳಗೆ ಹೋಗಿ ತನ್ನ ಗ್ರಾಹಕವನ್ನು ಸೇರಿ, ಕೋಶಕೇಂದ್ರಕ್ಕೆ ಇಳಿದು, ಎಚ್‌ಡಿಎಸಿ2 ಎಂಬ ಕಿಣ್ವವನ್ನು ಅಲ್ಲಿಗೆ ಕರೆಸಿಕೊಂಡು ಸುತ್ತನ್ನು ಮತ್ತೆ ಬಿಗಿಯುತ್ತದೆ. ಈ ಸರಪಳಿಯ ಯಾವ ಕೊಂಡಿ ತಪ್ಪಿದರೂ ಫಲ ಕಡಿಮೆಯಾಗುತ್ತದೆ. ಔಷಧ ಶ್ವಾಸನಾಳವನ್ನೇ ಮುಟ್ಟದಿರಬಹುದು, ಗ್ರಾಹಕ ಮಂಕಾಗಿರಬಹುದು, ಕಿಣ್ವ ಹಾಳಾಗಿರಬಹುದು, ಅಥವಾ ಊತ ತರುತ್ತಿರುವ ಕೋಶವೇ ಸ್ಟಿರಾಯ್ಡ್‌ಗೆ ಬಗ್ಗದ ಜಾತಿಯದಾಗಿರಬಹುದು.

ಈ ಕೊನೆಯ ಮಾತು ಹೊಸದಲ್ಲ. 1956ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಪರೀಕ್ಷೆಯಲ್ಲಿ, ದೀರ್ಘಕಾಲದ ಉಬ್ಬಸಕ್ಕೆ ಕಾರ್ಟಿಸೋನ್‌ನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಡರ್ಬಿ ಊರಿನ ವೈದ್ಯ ಹ್ಯಾರಿ ಮಾರೋ ಬ್ರೌನ್ ಸುಮ್ಮನಾಗದೆ ತಮ್ಮ ರೋಗಿಗಳ ಕಫವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕಫದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ತುಂಬಿದ್ದವರಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಚೆನ್ನಾಗಿ ಹಿಡಿಸುತ್ತಿತ್ತು, ಇಲ್ಲದವರಿಗೆ ಹಿಡಿಸುತ್ತಿರಲಿಲ್ಲ. ಅವರು ಇದನ್ನು ಬರೆದದ್ದು 1958ರಲ್ಲಿ. ಎದೆಗೆ ಎಳೆಯುವ ಬೆಕ್ಲೊಮೆಥಸೋನ್‌ನ ಮೊದಲ ವರದಿಗಳಲ್ಲೊಂದು, 1972ರದು, ಅವರದೇ. ಇಷ್ಟು ಸರಳವಾದ ಕಫ ಪರೀಕ್ಷೆ ನಮ್ಮ ದಿನನಿತ್ಯದ ಚಿಕಿತ್ಸೆಯಲ್ಲಿ ಇನ್ನೂ ಬೇರೂರಿಲ್ಲವಲ್ಲ ಎಂಬುದು ನನ್ನ ಕೊರಗು.

ಹುಡುಕಾಟದ ಕ್ರಮ

1. ಔಷಧ ಎದೆಗೆ ಇಳಿಯುತ್ತಿದೆಯೇ?

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದು. ಒತ್ತಿ ಎಳೆಯುವ ಪಂಪನ್ನು ಸರಿಯಾಗಿ ಬಳಸಿದಾಗಲೂ ಔಷಧದ ಬಹುಪಾಲು ಗಂಟಲಿಗೆ ಬಡಿಯುತ್ತದೆ. ಶ್ವಾಸಕೋಶ ಮುಟ್ಟುವುದು ಅದರ ಒಂದು ಸಣ್ಣ ಪಾಲು. ತಪ್ಪಾಗಿ ಬಳಸಿದರೆ ಆ ಪಾಲೂ ಸಿಗುವುದಿಲ್ಲ. ಇನ್ಹೇಲರ್ ಬಳಸುವವರಲ್ಲಿ ಮುಕ್ಕಾಲುಪಾಲು ಜನ ಯಾವುದಾದರೊಂದು ತಪ್ಪು ಮಾಡುತ್ತಾರೆ ಎಂದು ಅಂತರರಾಷ್ಟ್ರೀಯ ಉಬ್ಬಸ ಮಾರ್ಗಸೂಚಿಗಳು ಹೇಳುತ್ತವೆ.

ನಮ್ಮಲ್ಲಿ ಎರಡು ಬಗೆಯ ಸಾಧನಗಳು ಹೆಚ್ಚು ಬಳಕೆಯಲ್ಲಿವೆ. ಎರಡರ ರೀತಿ ಒಂದಕ್ಕೊಂದು ತದ್ವಿರುದ್ಧ.

ಒತ್ತುವ ಪಂಪ್: ಮೊದಲು ಚೆನ್ನಾಗಿ ಕುಲುಕಿ. ಉಸಿರನ್ನು ಪೂರ್ತಿ ಹೊರಬಿಡಿ. ತುಟಿ ಬಿಗಿಯಾಗಿ ಮುಚ್ಚಿ, ಉಸಿರೆಳೆಯಲು ಶುರುಮಾಡಿದ ಕ್ಷಣಕ್ಕೆ ಒತ್ತಿ, ನಿಧಾನವಾಗಿ ನಾಲ್ಕೈದು ಸೆಕೆಂಡ್ ಎಳೆಯಿರಿ. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೇ ಬಾರಿ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ.

ಪುಡಿ ತುಂಬಿದ ಕ್ಯಾಪ್ಸೂಲ್ ಹಾಕುವ ರೋಟಾಹೇಲರ್‌ನಂಥ ಸಾಧನ: ಇಲ್ಲಿ ಕುಲುಕುವುದೂ ಇಲ್ಲ, ಒತ್ತುವುದೂ ಇಲ್ಲ. ಉಸಿರನ್ನು ಹೊರಗೆ ಬಿಟ್ಟು (ಸಾಧನದೊಳಕ್ಕೆ ಊದಬಾರದು, ಪುಡಿ ತೇವವಾಗುತ್ತದೆ) ತುಟಿ ಮುಚ್ಚಿ, ಜೋರಾಗಿ, ಒಂದೇ ದಮ್ಮಿಗೆ ಎಳೆಯಬೇಕು. ಆಮೇಲೆ ಕ್ಯಾಪ್ಸೂಲ್ ಖಾಲಿಯಾಗಿದೆಯೇ ನೋಡಿ. ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಈ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರಿದ್ದಾರೆ. ನುಂಗಿದರೆ ಉಬ್ಬಸಕ್ಕೆ ಪ್ರಯೋಜನವೇ ಇಲ್ಲ. ಮನೆಯ ಹಿರಿಯರು ಹೇಗೆ ತೆಗೆದುಕೊಳ್ಳುತ್ತಿದ್ದಾರೆಂದು ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕ್ಯಾಪ್ಸೂಲ್ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಪುಡಿ ಗಂಟುಕಟ್ಟುತ್ತದೆ.

ಒತ್ತುವುದು, ಎಳೆಯುವುದು ಎರಡನ್ನೂ ಒಟ್ಟಿಗೆ ಮಾಡಲಾಗದವರಿಗೆ, ಪಂಪ್ ಮತ್ತು ಬಾಯಿಯ ನಡುವೆ ಇಡುವ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಬೇಕೇ ಬೇಕು. ಮಕ್ಕಳು, ಮುದುಕರು ಮಾತ್ರವಲ್ಲ, ಎಲ್ಲರೂ ಬಳಸಬಹುದು. ಅದನ್ನು ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಹಾಗೇ ಆರಲು ಬಿಡಿ. ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಾಯೀ ವಿದ್ಯುತ್ ಹುಟ್ಟಿ ಔಷಧ ಗೋಡೆಗೇ ಅಂಟಿಕೊಳ್ಳುತ್ತದೆ. ಕೊಳ್ಳಲಾಗದವರಿಗೆ ಒಂದು ಮಾಹಿತಿ: ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪ್ ಬಾಯಿ ಬಿಗಿಯಾಗಿ ಕೂರುವಂಥ ತೂತು ಮಾಡಿ ಬಳಸಿದರೆ, ದಾಳಿಯ ಹೊತ್ತಿನಲ್ಲಿ ಅದು ಅಂಗಡಿಯ ಸ್ಪೇಸರ್‌ಗೆ ಸಮನಾಗಿ ಕೆಲಸ ಮಾಡುತ್ತದೆ ಎಂದು ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳ ಮೇಲೆ ನಡೆದ ಅಧ್ಯಯನ ತೋರಿಸಿದೆ.

ಸ್ಟಿರಾಯ್ಡ್ ಎಳೆದ ಮೇಲೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಶಿಲೀಂಧ್ರ ಬೆಳೆಯಬಹುದು, ದನಿ ಒಡೆಯಬಹುದು.

2. ದಿನವೂ ತೆಗೆದುಕೊಳ್ಳುತ್ತಿದ್ದೀರಾ?

ಈ ಪ್ರಶ್ನೆಗೆ ನಾಚಿಕೆ ಬಿಟ್ಟು ಉತ್ತರಿಸಬೇಕು. ದೀರ್ಘಕಾಲ ಔಷಧ ಬೇಕಾದ ಉಬ್ಬಸ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಹೇಳಿದಂತೆ ತೆಗೆದುಕೊಳ್ಳುವುದಿಲ್ಲ. ಇದು ಜಗತ್ತಿನ ಎಲ್ಲ ಕಡೆಯ ಕಥೆ. ನಮ್ಮಲ್ಲಿ ಅದಕ್ಕೆ ಒಂದು ದೊಡ್ಡ ಕಾರಣ ಸ್ಟಿರಾಯ್ಡ್ ಎಂಬ ಹೆಸರಿನ ಭಯ. ‘ಒಮ್ಮೆ ಹಿಡಿದರೆ ಬಿಡಲಾಗದು’, ‘ಮಗು ಕುಳ್ಳಾಗುತ್ತದೆ’, ‘ಪಂಪ್ ಅಂದರೆ ಕೊನೆಯ ಹಂತ’ ಎಂಬ ಮಾತುಗಳು ಚಿಕಿತ್ಸೆಗಿಂತ ಮುಂಚೆಯೇ ಮನೆ ತಲುಪಿರುತ್ತವೆ.

ಲೆಕ್ಕ ಹಾಕಿ ನೋಡಿ. ದಾಳಿ ಬಂದಾಗ ಕೊಡುವ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ. ಎಳೆಯುವ ಬುಡೆಸೊನೈಡ್ ಸಾಮಾನ್ಯವಾಗಿ ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ. ಬುಡೆಸೊನೈಡ್ ತೂಕಕ್ಕೆ ತೂಕ ಹೆಚ್ಚು ಪ್ರಬಲ ಎಂಬುದು ನಿಜ, ಆದರೆ ಮೈತುಂಬ ಹರಿಯದೆ ಬೇಕಾದ ಜಾಗಕ್ಕೇ ಬೀಳುತ್ತದೆ. ಮಕ್ಕಳ ಎತ್ತರದ ಮೇಲೆ ಸಣ್ಣ ಪರಿಣಾಮ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಅದು ಸುಮಾರು ಒಂದು ಸೆಂಟಿಮೀಟರಿನ ಮಾತು. ಹತೋಟಿಯಿಲ್ಲದ ಉಬ್ಬಸ ಮಗುವಿನಿಂದ ಕಸಿದುಕೊಳ್ಳುವುದು ಅದಕ್ಕಿಂತ ಬಹಳ ಹೆಚ್ಚು. ಪಂಪ್‌ಗೆ ಹೆದರಿ ಬಿಟ್ಟವರು ವರ್ಷಕ್ಕೆ ಮೂರ್ನಾಲ್ಕು ಸಲ ದಾಳಿಯಾಗಿ ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡಾಗ ಮೈಗೆ ಸೇರುವ ಸ್ಟಿರಾಯ್ಡ್ ಎಷ್ಟೋ ಪಾಲು ಜಾಸ್ತಿ.

ಬೆಲ್‌ಫಾಸ್ಟ್‌ನ ವೈದ್ಯರು ಇದಕ್ಕೊಂದು ಒಳ್ಳೆಯ ಪರೀಕ್ಷೆ ಕಂಡುಕೊಂಡರು. ಊತ ಇರುವ ಶ್ವಾಸನಾಳದಿಂದ ಬರುವ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿರುತ್ತದೆ. ರೋಗಿ ಒಂದು ವಾರ ಕಣ್ಣೆದುರೇ ಔಷಧ ಎಳೆಯುವಂತೆ ನೋಡಿಕೊಂಡು ಮತ್ತೆ ಅಳೆದಾಗ ಅದು ಗಣನೀಯವಾಗಿ ಇಳಿದರೆ, ಮೈ ಔಷಧಕ್ಕೆ ಬಗ್ಗುತ್ತಿದೆ, ಔಷಧವೇ ಒಳಗೆ ಹೋಗುತ್ತಿರಲಿಲ್ಲ ಎಂದರ್ಥ. ಈ ಅಳತೆ ‘ಫೀನೋ’ ಎಂಬ ಹೆಸರಿನಲ್ಲಿ ದೊಡ್ಡ ಊರುಗಳ ಶ್ವಾಸಕೋಶ ವಿಭಾಗಗಳಲ್ಲಿ ಸಿಗುತ್ತದೆ.

3. ಇದು ಉಬ್ಬಸವೇ?

ಸುಯ್ ಎನ್ನುವುದೆಲ್ಲ ಉಬ್ಬಸವಲ್ಲ. ಸ್ಪೈರೋಮೆಟ್ರಿ ಮಾಡಿಸದೆ ವರ್ಷಗಟ್ಟಲೆ ಪಂಪ್ ಎಳೆಯುತ್ತಿರುವವರು ಮೊದಲು ಆ ಪರೀಕ್ಷೆ ಮಾಡಿಸಿ. ಊದಿ, ಸಾಲ್ಬುಟಮಾಲ್ ಎಳೆದು, ಮತ್ತೆ ಊದಿದಾಗ ಮೊದಲ ಸೆಕೆಂಡಿನ ಗಾಳಿ ಶೇ 12 ಮತ್ತು 200 ಮಿಲಿಲೀಟರಿಗಿಂತ ಹೆಚ್ಚು ಏರಿದರೆ ಉಬ್ಬಸದ ಕಡೆಗೆ ಬೆರಳು ತೋರಿಸುತ್ತದೆ.

ಉಬ್ಬಸದ ವೇಷ ಹಾಕಿ ಬರುವ ರೋಗಗಳು ಹಲವು: ಹೊಗೆಯಿಂದ ಬರುವ ಸಿಒಪಿಡಿ, ಹಳೆಯ ಕ್ಷಯದಿಂದ ಹಾಳಾದ ಶ್ವಾಸನಾಳ, ಹೃದಯದ ಬಲಹೀನತೆ, ಉಸಿರೆಳೆಯುವಾಗ ಧ್ವನಿತಂತುಗಳು ಮುಚ್ಚಿಕೊಳ್ಳುವ ತೊಂದರೆ. ಮಗುವಿಗೆ ಇದ್ದಕ್ಕಿದ್ದಂತೆ ಒಂದೇ ಬದಿಯಲ್ಲಿ ಸುಯ್ ಸದ್ದು ಶುರುವಾದರೆ ಕಡಲೆಬೀಜವೋ ಹುಣಸೆಬೀಜವೋ ಸಿಕ್ಕಿಕೊಂಡಿರಬಹುದು.

ನಮ್ಮ ನೆಲಕ್ಕೆ ಸೇರಿದ ಇನ್ನೊಂದನ್ನು ಇಲ್ಲಿ ಬಿಡಿಸಿ ಹೇಳಬೇಕು. ಕಲಬುರಗಿ ಸೀಮೆ, ಕರಾವಳಿಯಂಥ ಆನೆಕಾಲು ರೋಗದ ಪ್ರದೇಶಗಳಲ್ಲಿ, ಫೈಲೇರಿಯಾ ಹುಳುವಿಗೆ ಮೈ ಅತಿಯಾಗಿ ಸ್ಪಂದಿಸಿ ಬರುವ ಉಷ್ಣವಲಯದ ಇಯೊಸಿನೊಫಿಲ್ ಶ್ವಾಸಕೋಶ ಬೇನೆ ಇದೆ. ರಾತ್ರಿ ಕೆಮ್ಮು, ಸುಯ್ ಸದ್ದು, ಉಬ್ಬಸದಂತೆಯೇ. ರಕ್ತದಲ್ಲಿ ಇಯೊಸಿನೊಫಿಲ್ ಮಾತ್ರ 3,000 ದಾಟಿರುತ್ತದೆ. ಇದಕ್ಕೆ ಬೇಕಾದದ್ದು ಡೈಈಥೈಲ್‌ಕಾರ್ಬಮಜೀನ್ ಮಾತ್ರೆ, ಸಾಮಾನ್ಯವಾಗಿ ಮೂರು ವಾರ. ಪಂಪ್ ಎಷ್ಟು ಎಳೆದರೂ ಬೇರು ಉಳಿದೇ ಇರುತ್ತದೆ.

ಐದು ವರ್ಷದೊಳಗಿನ ಮಕ್ಕಳ ಮಾತೂ ಬೇರೆ. ನೆಗಡಿಯ ವೈರಸ್ ಬಂದಾಗಲೆಲ್ಲ ಗೂರಲು ಬರುವ ಸಣ್ಣ ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪ್ರೆಡ್ನಿಸೊಲೋನ್ ಪಡೆದವರಿಗೂ ಬರಿಯ ಹುಸಿಮಾತ್ರೆ ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. ಅಂಥ ಮಗುವಿಗೆ ಸಾಧಾರಣ ನೆಗಡಿ-ಗೂರಲಿಗೆಲ್ಲ ಸ್ಟಿರಾಯ್ಡ್ ಸಿರಪ್ ಕೊಡಿಸಿ ಗುಣವಾಗಲಿಲ್ಲ ಎಂದು ಕಂಗಾಲಾಗಬೇಡಿ.

4. ಹೊಗೆ ಇದೆಯೇ?

ಸ್ಟಿರಾಯ್ಡ್‌ನ ಕೈಕಟ್ಟುವ ವಸ್ತುಗಳಲ್ಲಿ ಹೊಗೆಯಷ್ಟು ಖಚಿತವಾಗಿ ಗೊತ್ತಿರುವುದು ಬೇರೊಂದಿಲ್ಲ. ಮೇಲೆ ಹೇಳಿದ ಎಚ್‌ಡಿಎಸಿ2 ಕಿಣ್ವವನ್ನು ಹೊಗೆಯ ರಾಸಾಯನಿಕಗಳು ಹಾಳುಗೆಡವುತ್ತವೆ. ಔಷಧ ಬರುತ್ತದೆ, ಗ್ರಾಹಕವನ್ನು ಸೇರುತ್ತದೆ, ಕೆಲಸ ಮಾಡಬೇಕಾದ ಕಿಣ್ವವೇ ಇರುವುದಿಲ್ಲ. ಗ್ಲಾಸ್ಗೋದ ಸಂಶೋಧಕರು ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನನ್ನು ಎರಡು ವಾರ ಕೊಟ್ಟು ನೋಡಿದಾಗ ಸೇದದವರ ಉಸಿರಾಟ ಸುಧಾರಿಸಿತು, ಸೇದುವವರದು ಸುಧಾರಿಸಲಿಲ್ಲ. ಅದೇ ತಂಡದ ಇನ್ನೊಂದು ಅಧ್ಯಯನದಲ್ಲಿ, ಸೇದುವುದನ್ನು ಬಿಟ್ಟವರ ಶ್ವಾಸಕೋಶದ ಬಲ ಆರು ವಾರಗಳಲ್ಲೇ ಗಮನಾರ್ಹವಾಗಿ ಏರಿತ್ತು. ಬೀಡಿಯಾಗಲಿ ಸಿಗರೇಟಾಗಲಿ ಫಲ ಒಂದೇ. ‘ದಿನಕ್ಕೆ ಎರಡೇ’ ಎಂಬುದರಲ್ಲಿ ರಿಯಾಯಿತಿ ಇಲ್ಲ.

ಸೇದದ ಹೆಂಗಸರಿಗೆ ಸೌದೆ ಒಲೆ ಇದೆ, ಬಚ್ಚಲ ಹಂಡೆಯ ಉರಿ ಇದೆ. ಮುಚ್ಚಿದ ಕೋಣೆಯಲ್ಲಿ ಒಂದು ಸೊಳ್ಳೆಬತ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣ ಹೊರಬೀಳುತ್ತದೆ ಎಂಬ ಅಳತೆ ಪ್ರಕಟವಾಗಿದೆ. ಸೊಳ್ಳೆಪರದೆ ಕಟ್ಟಿಕೊಳ್ಳಿ. ಊದುಬತ್ತಿ, ಧೂಪವನ್ನು ರೋಗಿ ಮಲಗುವ ಕೋಣೆಯಿಂದ ದೂರವಿಡಿ.

5. ನೀವು ನುಂಗುವ ಬೇರೆ ಔಷಧ ಯಾವುದು?

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟೊಯಿನ್, ಕಾರ್ಬಮಜೆಪೀನ್, ಫಿನೋಬಾರ್ಬಿಟೋನ್ ಇವು ಯಕೃತ್ತನ್ನು ಚುರುಕುಗೊಳಿಸಿ, ನುಂಗಿದ ಪ್ರೆಡ್ನಿಸೊಲೋನ್ ಬೇಗ ಕರಗಿಹೋಗುವಂತೆ ಮಾಡುತ್ತವೆ. ರಕ್ತದೊತ್ತಡಕ್ಕೋ ಕೈನಡುಕಕ್ಕೋ ಕೊಡುವ ಪ್ರೊಪ್ರಾನೊಲಾಲ್, ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಶ್ವಾಸನಾಳವನ್ನು ಬಿಗಿಯುತ್ತವೆ. ಕಣ್ಣಿನ ಹನಿಯನ್ನು ಯಾರೂ ಔಷಧದ ಪಟ್ಟಿಯಲ್ಲಿ ಹೇಳುವುದಿಲ್ಲ, ನೀವು ಹೇಳಿ. ಮೂಗಿನಲ್ಲಿ ಪಾಲಿಪ್ ಇರುವ ಉಬ್ಬಸದವರಲ್ಲಿ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಜೀವಕ್ಕೇ ಎರವಾಗಬಹುದು. ಇವುಗಳಲ್ಲಿ ಯಾವುದನ್ನೂ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ಉಬ್ಬಸ ಇದೆಯೆಂದು ತಿಳಿಸಿ.

6. ಉರಿಗೆ ತುಪ್ಪ ಸುರಿಯುತ್ತಿರುವುದು ಯಾವುದು?

ಕೆರಳಿಸುವ ವಸ್ತು ದಿನವೂ ಒಳಗೆ ಹೋಗುತ್ತಿದ್ದರೆ ಊತ ತರುವ ರಾಸಾಯನಿಕಗಳೇ ಗ್ರಾಹಕವನ್ನು ಮಂಕುಮಾಡುತ್ತವೆ. ಆಗ ಅದೇ ಡೋಸ್ ಸಾಲದಾಗುತ್ತದೆ. ಬೆಂಗಳೂರಿನಲ್ಲಿ ಮಕ್ಕಳ ತಜ್ಞ ಎಚ್. ಪರಮೇಶ್ ಅವರ ಅಧ್ಯಯನಗಳಲ್ಲಿ ಮಕ್ಕಳ ಉಬ್ಬಸ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು, ನಗರದ ಗಾಳಿ ಬದಲಾದದ್ದು ಈ ಏರಿಕೆಯ ಕಾರಣಗಳಲ್ಲೊಂದು. ಪಾರ್ಥೇನಿಯಂ ಪರಾಗ, ಹಾಸಿಗೆಯ ದೂಳಿನ ನುಸಿ, ಜಿರಳೆ, ಮಳೆಗಾಲದಲ್ಲಿ ಗೋಡೆ ಹಿಡಿಯುವ ಬೂಷ್ಟು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಕೆಲಸದ ಜಾಗವನ್ನು ಮರೆಯಬೇಡಿ. ರಾಮನಗರ, ಶಿಡ್ಲಘಟ್ಟದಂಥ ಕಡೆ ರೇಷ್ಮೆ ಬಿಚ್ಚುವವರಿಗೆ ಗೂಡು, ಚಿಟ್ಟೆಗಳ ಪ್ರೋಟೀನ್‌ನಿಂದ ಉಬ್ಬಸ ಬರುವುದು ಗೊತ್ತಿರುವ ವಿಷಯ. ಹಿಟ್ಟಿನ ಗಿರಣಿ, ಬೇಕರಿ, ಮರಗೆಲಸ, ವಾಹನಗಳಿಗೆ ಸ್ಪ್ರೇ ಬಣ್ಣ ಹೊಡೆಯುವ ಶೆಡ್ಡು ಇವೂ ಹಾಗೆಯೇ. ರಜೆಯ ದಿನ, ಊರಿಗೆ ಹೋದಾಗ ಉಸಿರು ಹಗುರವಾಗುತ್ತದೆಯೇ ಎಂದು ಎರಡು ವಾರ ಬರೆದಿಡಿ. ಹೌದಾದರೆ ಅದೇ ದೊಡ್ಡ ಸುಳಿವು.

ಭಾರತದಲ್ಲಿ ಎಬಿಪಿಎ ಎಂಬ ತೊಂದರೆ ಬಹಳ ಬಾರಿ ಕಣ್ತಪ್ಪುತ್ತದೆ. ಆಸ್ಪರ್ಜಿಲಸ್ ಎಂಬ ಬೂಷ್ಟು ಶ್ವಾಸನಾಳದ ಕಫದಲ್ಲೇ ನೆಲೆಯೂರಿ, ಮೈ ಅದಕ್ಕೆ ಅಲರ್ಜಿಯಿಂದ ಸ್ಪಂದಿಸುತ್ತದೆ. ಕಂದು ಬಣ್ಣದ ಕಫದ ಗಟ್ಟಿ ತುಂಡು ಬರುವುದು, ಎಕ್ಸ್‌ರೇಯಲ್ಲಿ ಜಾಗ ಬದಲಿಸುವ ನೆರಳು ಕಾಣುವುದು ಇದರ ಗುರುತು. ನೆರಳು ಕಂಡು ಕ್ಷಯವೆಂದು ಮಾತ್ರೆ ನುಂಗಿದವರೂ ಇದ್ದಾರೆ. ಒಟ್ಟು ಐಜಿಇ (ಅಲರ್ಜಿಯ ಪ್ರತಿಕಾಯ) ಮತ್ತು ಆಸ್ಪರ್ಜಿಲಸ್ ಐಜಿಇ ರಕ್ತಪರೀಕ್ಷೆಗಳಿಂದ ಪತ್ತೆ ಶುರುವಾಗುತ್ತದೆ. ಬಗ್ಗದ ಉಬ್ಬಸದ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಒಮ್ಮೆ ಆಗಲೇಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಇಷ್ಟೆಲ್ಲ ಸರಿಯಿದ್ದೂ ಬಗ್ಗದಿದ್ದರೆ

ಈಗ ಮಾರೋ ಬ್ರೌನ್ ಅವರ ಪ್ರಶ್ನೆಗೆ ಬರಬೇಕು: ನಿಮ್ಮದು ಯಾವ ಜಾತಿಯ ಊತ?

ಇಯೊಸಿನೊಫಿಲ್ ಹೆಚ್ಚಿರುವ ಉಬ್ಬಸದ ಹಿಂದೆ ಇಂಟರ್‌ಲ್ಯೂಕಿನ್ 4, 5, 13 ಎಂಬ ಸಂದೇಶವಾಹಕಗಳಿರುತ್ತವೆ. ವೈದ್ಯರು ಇದನ್ನು ಟೈಪ್ 2 ಅನ್ನುತ್ತಾರೆ. ಸಾಮಾನ್ಯವಾಗಿ ಇದು ಸ್ಟಿರಾಯ್ಡ್‌ಗೆ ಬಗ್ಗುತ್ತದೆ, ಕೆಲವರಲ್ಲಿ ಮಾತ್ರ ದೊಡ್ಡ ಡೋಸ್ ಕೊಟ್ಟರೂ ಕಣಗಳು ಇಳಿಯುವುದಿಲ್ಲ. ಇನ್ನೊಂದು ಗುಂಪಿನಲ್ಲಿ ಇಯೊಸಿನೊಫಿಲ್ ಇರುವುದೇ ಇಲ್ಲ. ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಿಳಿ ರಕ್ತಕಣ ಇರುತ್ತದೆ, ಅಥವಾ ಯಾವುದೂ ಹೆಚ್ಚಿರುವುದಿಲ್ಲ. ನ್ಯೂಟ್ರೊಫಿಲ್‌ಗಳಿಗೆ ಸ್ಟಿರಾಯ್ಡ್ ಮದ್ದಲ್ಲ. ಅವುಗಳ ಆಯುಷ್ಯವನ್ನು ಅದು ಇನ್ನಷ್ಟು ಹೆಚ್ಚಿಸುತ್ತದೆ. ನಡುವಯಸ್ಸಿನಲ್ಲಿ ಶುರುವಾಗಿ, ಮೈತೂಕ ಹೆಚ್ಚಿದ್ದು, ಅಲರ್ಜಿಯ ಹಿನ್ನೆಲೆ ಇಲ್ಲದ ಹೆಂಗಸರ ಉಬ್ಬಸ ಬಹಳ ಸಲ ಈ ಗುಂಪಿನದು. ಅವರಿಗೆ ಸ್ಟಿರಾಯ್ಡ್ ಏರಿಸಿದರೆ ತೂಕ ಇನ್ನೂ ಏರಿ, ಉಸಿರು ಇನ್ನೂ ಭಾರವಾಗುತ್ತದೆ. ತೂಕ ಇಳಿಸುವುದೇ ಅಲ್ಲಿ ನಿಜವಾದ ಔಷಧ.

ಗ್ರಾಹಕದಲ್ಲೇ ಹುಟ್ಟಿನಿಂದ ದೋಷವಿರುವವರು ತೀರಾ ವಿರಳ. ಹಳೆಯ ವ್ಯಾಖ್ಯೆಯ ಪ್ರಕಾರ, ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎರಡು ವಾರ ಕಣ್ಣೆದುರು ಕೊಟ್ಟರೂ ಉಸಿರಿನ ಬಲ ಶೇ 15ರಷ್ಟು ಏರದಿದ್ದರೆ ಅದು ಸ್ಟಿರಾಯ್ಡ್‌ಗೆ ಬಗ್ಗದ ಉಬ್ಬಸ. ಈ ಪರೀಕ್ಷೆಯನ್ನು ವೈದ್ಯರ ನಿಗಾದಲ್ಲಲ್ಲದೆ ಮನೆಯಲ್ಲಿ ಮಾಡುವಂತಿಲ್ಲ.

ಗುಂಪು ಗೊತ್ತಾಗುವುದು ಹೇಗೆ? ಸಾಮಾನ್ಯ ರಕ್ತಪರೀಕ್ಷೆಯ ಒಟ್ಟು ಇಯೊಸಿನೊಫಿಲ್ ಎಣಿಕೆ ಸಾಕಷ್ಟು ಹೇಳುತ್ತದೆ, ಬೆಲೆಯೂ ಕಡಿಮೆ. ಸ್ಟಿರಾಯ್ಡ್ ಪಡೆಯುತ್ತಿದ್ದಾಗಲೂ ಅದು 150ಕ್ಕಿಂತ ಮೇಲಿದ್ದರೆ, ಅಥವಾ ಫೀನೋ 20ಕ್ಕಿಂತ ಮೇಲಿದ್ದರೆ ಟೈಪ್ 2 ಊತ ಉಳಿದಿದೆ ಎಂದು ತಿಳಿಯುತ್ತಾರೆ. ಒಂದು ಎಚ್ಚರ: ಪ್ರೆಡ್ನಿಸೊಲೋನ್ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ರಕ್ತದ ಇಯೊಸಿನೊಫಿಲ್ ಕುಸಿಯುತ್ತದೆ. ಆದ್ದರಿಂದ ಮಾತ್ರೆಗೆ ಮೊದಲು ರಕ್ತ ಕೊಡಬೇಕು. ಹೊಟ್ಟೆಹುಳುವಿದ್ದರೂ ಎಣಿಕೆ ಏರುತ್ತದೆ.

ಟೈಪ್ 2 ಉಳಿದವರಿಗೆ ಚುಚ್ಚುಮದ್ದಿನ ರೂಪದ ಬಯೊಲಾಜಿಕ್ ಔಷಧಗಳಿವೆ. ಐಜಿಇಯನ್ನು ಹಿಡಿಯುವ ಒಮಲಿಝುಮಾಬ್, ಇಂಟರ್‌ಲ್ಯೂಕಿನ್ 5ರ ದಾರಿಯನ್ನು ತಡೆಯುವ ಮೆಪೊಲಿಝುಮಾಬ್ ಮತ್ತು ಬೆನ್ರಲಿಝುಮಾಬ್, 4 ಮತ್ತು 13ನ್ನು ತಡೆಯುವ ಡುಪಿಲುಮಾಬ್. ಸರಿಯಾದವರಿಗೆ ಕೊಟ್ಟರೆ ದಾಳಿಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆ, ವರ್ಷಗಟ್ಟಲೆ ನುಂಗುತ್ತಿದ್ದ ಮಾತ್ರೆಯಿಂದ ಬಿಡುಗಡೆ ಸಿಗಬಹುದು. ಖರ್ಚು ದೊಡ್ಡದು, ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ. ಆದ್ದರಿಂದಲೇ ಮೇಲಿನ ಆರು ಪ್ರಶ್ನೆಗಳನ್ನು ಮುಗಿಸದೆ ಇದಕ್ಕೆ ಕೈಹಾಕಬಾರದು. ಶುರುಮಾಡಿದರೆ ಕನಿಷ್ಠ ನಾಲ್ಕು ತಿಂಗಳು ನೋಡಿ ತೀರ್ಮಾನಿಸುತ್ತಾರೆ.

ಟೈಪ್ 2 ಅಲ್ಲದವರಿಗೆ ಟಿಯೊಟ್ರೊಪಿಯಂ ಎಂಬ ಇನ್ನೊಂದು ಎಳೆಯುವ ಔಷಧ ಸೇರಿಸುತ್ತಾರೆ. ವಾರಕ್ಕೆ ಮೂರು ದಿನ ಅಜಿತ್ರೊಮೈಸಿನ್ ಕೊಡುವ ಕ್ರಮವೂ ಇದೆ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ಇದರಿಂದ ದಾಳಿಗಳು ಕಡಿಮೆಯಾದವು. ಇದು ಇಸಿಜಿ, ಕಫ ಪರೀಕ್ಷೆಗಳ ನಂತರ ತಜ್ಞರೇ ಕೊಡಬೇಕಾದದ್ದು. ಔಷಧದಂಗಡಿಯಿಂದ ನೀವೇ ತಂದು ನುಂಗುವುದು ತೀರಾ ಅಪಾಯ.

ಹೆಚ್ಚಾಗಿ ಆಗುವ ತಪ್ಪುಗಳು

– ನೀಲಿ ಪಂಪನ್ನಷ್ಟೇ ನೆಚ್ಚಿಕೊಳ್ಳುವುದು. ಸಾಲ್ಬುಟಮಾಲ್ ಒಂದನ್ನೇ ಬಳಸುವ ಚಿಕಿತ್ಸೆಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲೇ ಕೈಬಿಟ್ಟಿದೆ. ವರ್ಷಕ್ಕೆ ಮೂರು ನೀಲಿ ಡಬ್ಬಿ ಖಾಲಿಯಾಗುತ್ತಿದ್ದರೆ ದಾಳಿಯ ಅಪಾಯ ಹೆಚ್ಚು.

– ಡೋಸ್ ಏರಿಸಿದಷ್ಟೂ ಗುಣ ಎಂದುಕೊಳ್ಳುವುದು. ವಯಸ್ಕರಿಗೆ ಎಳೆಯುವ ಸ್ಟಿರಾಯ್ಡ್‌ನ ಲಾಭದ ಬಹುಪಾಲು ಕಡಿಮೆ ಡೋಸ್‌ನಲ್ಲೇ, ಫ್ಲೂಟಿಕಾಸೋನ್ ಆದರೆ ದಿನಕ್ಕೆ 100ರಿಂದ 250 ಮೈಕ್ರೋಗ್ರಾಂನಲ್ಲೇ ಸಿಕ್ಕಿಬಿಡುತ್ತದೆ. ಅಲ್ಲಿಂದ ಮೇಲೆ ಅಡ್ಡಪರಿಣಾಮವೇ ಬೇಗ ಬೆಳೆಯುತ್ತದೆ.

– ಗುಣ ಕಂಡ ವಾರಕ್ಕೇ ನಿಲ್ಲಿಸುವುದು.

– ಮೂಗನ್ನು ಮರೆಯುವುದು. ಸದಾ ಸೀನು, ಕಟ್ಟಿದ ಮೂಗು ಇರುವವರಿಗೆ ಅದರ ಚಿಕಿತ್ಸೆಯಾಗದೆ ಎದೆ ಸುಧಾರಿಸುವುದು ಕಷ್ಟ.

– ಹೆಸರಿಲ್ಲದ ಪುಡಿ, ಗುಳಿಗೆ ನಂಬುವುದು. ‘ಎರಡೇ ದಿನದಲ್ಲಿ ಗುಣ’ ಎಂದು ಮಾರುವ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಹಲವು ಸಲ ಪತ್ತೆಯಾಗಿದೆ. ಮೃಗಶಿರಾ ಹೊತ್ತಿಗೆ ಹೈದರಾಬಾದ್‌ನಲ್ಲಿ ಕೊಡುವ ಮೀನಿನ ಔಷಧಕ್ಕೆ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ನಂಬಿಕೆ ಅವರವರದು, ಆದರೆ ಪ್ರಯಾಣದಲ್ಲೂ ಆಮೇಲೂ ಪಂಪ್ ನಿಲ್ಲಿಸಬೇಡಿ.

ವೈದ್ಯರ ಬಳಿ ಹೋಗುವಾಗ

ನಿಮ್ಮ ಎಲ್ಲ ಪಂಪ್, ಸ್ಪೇಸರ್, ಮಾತ್ರೆ, ಕಣ್ಣಿನ ಹನಿಗಳನ್ನು ಒಂದು ಚೀಲದಲ್ಲಿ ಒಯ್ಯಿರಿ. ಪಂಪ್ ಎಳೆದು ತೋರಿಸಿ, ತಪ್ಪಿದ್ದರೆ ತಿದ್ದಿ ಎಂದು ಕೇಳಿ. ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ರಾತ್ರಿ ಎಚ್ಚರವಾಯಿತು, ನೀಲಿ ಪಂಪ್ ಎಷ್ಟು ಸಲ ಬೇಕಾಯಿತು, ವರ್ಷದಲ್ಲಿ ಎಷ್ಟು ಸಲ ಸ್ಟಿರಾಯ್ಡ್ ಮಾತ್ರೆ ನುಂಗಿದಿರಿ ಎಂಬುದನ್ನು ಬರೆದುಕೊಂಡು ಹೋಗಿ. ಹಳೆಯ ರಕ್ತಪರೀಕ್ಷೆಗಳನ್ನು ಎಸೆಯಬೇಡಿ. ಎರಡು ವರ್ಷದ ಹಿಂದಿನ ಇಯೊಸಿನೊಫಿಲ್ ಎಣಿಕೆಯೂ ಉಪಯೋಗಕ್ಕೆ ಬರುತ್ತದೆ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಶ್ವಾಸಕೋಶ ವಿಭಾಗಗಳಲ್ಲಿ ಸ್ಪೈರೋಮೆಟ್ರಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಬೆಂಗಳೂರಿನಲ್ಲಿ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ.

ಎಚ್ಚರಿಕೆ

ವಾರಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದವರು ‘ಹಿಡಿಸಲಿಲ್ಲ’ ಎಂದು ಒಮ್ಮೆಲೇ ನಿಲ್ಲಿಸಬಾರದು. ಶ್ವಾಸನಾಳ ಬಗ್ಗದಿದ್ದರೂ ಮೈಯ ಉಳಿದ ಭಾಗ ಬಗ್ಗಿರುತ್ತದೆ, ಅಡ್ರಿನಲ್ ಗ್ರಂಥಿ ಮಲಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬರಬಹುದು. ಸಕ್ಕರೆ ಏರುವುದು, ಮೂಳೆ ಸವೆಯುವುದು, ಕಣ್ಣಿನ ಪೊರೆ ಬರುವುದು ಇವೂ ಉಬ್ಬಸಕ್ಕೆ ಗುಣವಾಗದಿದ್ದರೂ ಆಗುತ್ತವೆ. ಹಿಂದೆ ಕ್ಷಯ ಬಂದಿದ್ದರೆ, ಮನೆಯಲ್ಲಿ ಯಾರಿಗಾದರೂ ಇದ್ದರೆ ಮಾತ್ರೆ ಶುರುವಾಗುವ ಮೊದಲೇ ಹೇಳಿ.

ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ, ತುಟಿ ಉಗುರು ನೀಲಿಯಾದರೆ, ಮಂಪರು ಬಂದರೆ, ಆಕ್ಸಿಮೀಟರ್ 92ಕ್ಕಿಂತ ಕೆಳಗೆ ತೋರಿಸಿದರೆ ಕಾಯಬೇಡಿ. ಎದೆಯ ಸುಯ್ ಸದ್ದು ಇದ್ದಕ್ಕಿದ್ದಂತೆ ನಿಂತುಹೋಗಿ ರೋಗಿ ಸುಸ್ತಾದರೆ ಅದು ಗುಣವಲ್ಲ, ಗಾಳಿಯೇ ಆಡುತ್ತಿಲ್ಲ ಎಂದರ್ಥ. 108ಕ್ಕೆ ಕರೆ ಮಾಡಿ. ರೋಗಿಯನ್ನು ಮಲಗಿಸದೆ, ತುಸು ಮುಂದಕ್ಕೆ ಬಾಗಿಸಿ ಕೂರಿಸಿ. ಸ್ಪೇಸರ್ ಮೂಲಕ ನೀಲಿ ಪಂಪನ್ನು ಒಂದೊಂದಾಗಿ 4ರಿಂದ 10 ಬಾರಿ ಒತ್ತಿ ಕೊಡಿ. ಸಹಾಯ ಬರುವವರೆಗೆ 20 ನಿಮಿಷಕ್ಕೊಮ್ಮೆ ಹೀಗೇ ಕೊಡುತ್ತಿರಿ.